ಕೈ ಬಲ್ಲದ್ದು, ಬಾಯಿ ಹೇಳಲಾರದ್ದು

ಚನ್ನಪಟ್ಟಣದ ಗೊಂಬೆ ಕುಶಲಕರ್ಮಿ ಕೆಲಸಕ್ಕೆ ಕೂತಾಗ ಅವರ ಕೈಯನ್ನು ಗಮನಿಸಬೇಕು. ಒಣಗಿದ ಆಲೆಮರದ ತುಂಡು ಲೇತಿನ ಮೇಲೆ ಗರಗರ ತಿರುಗುತ್ತಿರುತ್ತದೆ. ಉಳಿ ತಾಗಿದಲ್ಲಿ ಮರ ಸುರುಳಿಸುರುಳಿಯಾಗಿ ಉದುರುತ್ತದೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಕಾವಿಗೇ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಕೊನೆಗೆ ತಾಳೆಗರಿಯನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬ ಲೆಕ್ಕವೆಲ್ಲ ಆ ಕೈಯಲ್ಲಿದೆ.

ಇಂಥ ಒಬ್ಬರಿಗೆ ತಿಂಗಳುಗಟ್ಟಲೆ ನಿದ್ದೆ ಬರುತ್ತಿಲ್ಲ ಎಂದುಕೊಳ್ಳಿ. ಆರ್ಡರ್ ಕಡಿಮೆಯಾಗಿದೆ, ಕೈಸಾಲ ಬೆಳೆದಿದೆ, ಮನೆಯಲ್ಲಿ ಯಾರ ಮಾತೂ ಬೇಡವಾಗಿದೆ. ಕೇಳಿದರೆ ‘ಎದೆ ಭಾರ’ ಎನ್ನುತ್ತಾರೆ. ಅದರಾಚೆಗೆ ಹೇಳಲು ಬಾಯಿ ಬರುವುದಿಲ್ಲ. ಅವರು ಸೃಜನಶೀಲ ಕಲಾ ಚಿಕಿತ್ಸಕರೊಬ್ಬರ ಬಳಿ ಹೋದರೆ ಆ ಚಿಕಿತ್ಸಕರು ಏನು ಮಾಡಬೇಕು? ಹೇಗೂ ಕಲೆ ಬಲ್ಲವರು, ಮರ ಕೊಟ್ಟು ಗೊಂಬೆ ಮಾಡಿಸಿದರಾಯಿತು ಎಂದು ನಮಗೆಲ್ಲ ತೋಚುತ್ತದೆ. ಆದರೆ ಮರ ಕೈಗೆ ಬಂದ ಕೂಡಲೇ ಅವರಿಗೆ ಅಳತೆ, ಫಿನಿಶಿಂಗ್, ವಾಪಸು ಬಂದ ಮಾಲು, ಬಾಕಿ ಉಳಿದ ಕೂಲಿ ಎಲ್ಲ ನೆನಪಿಗೆ ಬರಬಹುದು. ಅವರ ಚಿಂತೆ ಕೂತಿರುವುದೇ ಆ ಮರದಲ್ಲಿ. ಅವರಿಗೆ ಬಹುಶಃ ಬೇಕಾಗಿರುವುದು ಯಾರೂ ಬೆಲೆ ಕಟ್ಟದ, ಕೆಟ್ಟರೂ ನಷ್ಟವಿಲ್ಲದ ಒಂದು ಹಿಡಿ ಹಸಿ ಮಣ್ಣು.

ಯಾರಿಗೆ ಮರ, ಯಾರಿಗೆ ಮಣ್ಣು, ಯಾರಿಗೆ ಸದ್ಯಕ್ಕೆ ಏನೂ ಬೇಡ ಎಂದು ತಿಳಿಯುವುದರಲ್ಲೇ ಈ ವೃತ್ತಿಯ ವಿದ್ಯೆ ಇದೆ. ಕಲೆಯಿಂದ ಮನಸ್ಸಿಗೆ ಹಿತ ಎಂಬುದನ್ನು ಯಾರೂ ನಮಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಆ ಹಿತವನ್ನು ಚಿಕಿತ್ಸೆಯಾಗಿ ಮಾಡುವವರು ಯಾರು, ಅವರು ಏನನ್ನು ಓದಿರಬೇಕು, ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಹೇಗೆ ಕೆಲಸ ಮಾಡುತ್ತಾರೆ ಎಂಬ ತಿಳಿವಳಿಕೆ ಮಾತ್ರ ನಮ್ಮಲ್ಲಿ ಕಡಿಮೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ, ಕೈಕೆಲಸದಲ್ಲೇ ಬದುಕು ಕಟ್ಟಿಕೊಂಡ ಊರುಗಳಿಗೆ ಈ ತಿಳಿವಳಿಕೆ ಬೇಕೇ ಬೇಕು.

ಈ ಚಿಕಿತ್ಸೆಗೆ ಸುಮಾರು ಒಂದು ಶತಮಾನದ ಚರಿತ್ರೆ ಇದೆ. ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯರೋಗಕ್ಕೆ ತುತ್ತಾಗಿ ಸ್ಯಾನಟೋರಿಯಂನಲ್ಲಿ ಮಲಗಿದ್ದಾಗ ಚಿತ್ರ ಬರೆದು ಚೇತರಿಸಿಕೊಂಡರು, ಜೊತೆಯ ರೋಗಿಗಳ ಕೈಯಲ್ಲೂ ಬರೆಸಿದರು. 1942ರಲ್ಲಿ ಈ ಕೆಲಸಕ್ಕೆ ‘ಆರ್ಟ್ ಥೆರಪಿ’ ಎಂಬ ಹೆಸರು ಕೊಟ್ಟವರು ಅವರೇ. ಅದೇ ವರ್ಷ ಅಮೆರಿಕದ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ನರ್ತಕಿ ಮೇರಿಯನ್ ಚೇಸ್ ಮಾತೇ ಆಡದ ರೋಗಿಗಳೊಡನೆ ಕೆಲಸ ಶುರುಮಾಡಿದರು. ರೋಗಿ ಕೈಯನ್ನು ಹೇಗೆ ಆಡಿಸಿದರೆ ತಾವೂ ಹಾಗೇ ಆಡಿಸುವುದು ಅವರ ದಾರಿಯಾಗಿತ್ತು. ಅದು ಅಣಕದಂತೆ ಕಾಣಬಾರದು, ‘ನಿನ್ನನ್ನು ನೋಡುತ್ತಿದ್ದೇನೆ’ ಎಂದು ಮೈಯಿಂದ ಹೇಳಿದಂತಿರಬೇಕು. ನಾಟಕವನ್ನು ಚಿಕಿತ್ಸೆಗೆ ತಂದ ಮೊರೆನೊ ಅದಕ್ಕೂ ಮುಂಚೆ ವಿಯೆನ್ನಾದಲ್ಲಿ ಕೆಲಸ ಮಾಡಿದ್ದರು. ಚಿತ್ರ, ಸಂಗೀತ, ನೃತ್ಯ, ನಾಟಕ ಹೀಗೆ ಒಂದೊಂದೂ ಬೇರೆ ಬೇರೆ ಚಿಕಿತ್ಸೆಯಾಗಿ ಬೆಳೆದವು. ಒಬ್ಬರೇ ಚಿಕಿತ್ಸಕರು ಇವೆಲ್ಲವನ್ನೂ ಅಗತ್ಯಕ್ಕೆ ತಕ್ಕಂತೆ ಬಳಸುವ ದಾರಿ 1970ರ ದಶಕದಲ್ಲಿ ಅಮೆರಿಕದ ಲೆಸ್ಲಿಯಂಥ ವಿದ್ಯಾಸಂಸ್ಥೆಗಳಲ್ಲಿ ಬೆಳೆಯಿತು.

ಕನ್ನಡ ನಾಡಿಗೆ ಹತ್ತಿರದ ಹೆಸರು ತ್ರಿಪುರಾ ಕಶ್ಯಪ್ ಅವರದು. ಭರತನಾಟ್ಯದ ಹಿನ್ನೆಲೆಯಿಂದ ಬಂದ ಅವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹ್ಯಾನ್ಕಾಕ್ ಕೇಂದ್ರದಲ್ಲಿ ಚಲನ ಚಿಕಿತ್ಸೆ ಕಲಿತು, ಬೆಂಗಳೂರಿನಲ್ಲಿ ಬುದ್ಧಿಮಾಂದ್ಯ ಮತ್ತು ವಿಕಲಚೇತನ ಮಕ್ಕಳೊಡನೆ ಕೆಲಸ ಮಾಡಿದರು. 2005ರಲ್ಲಿ ಬಂದ ‘ಮೈ ಬಾಡಿ, ಮೈ ವಿಸ್ಡಮ್’ ಎಂಬ ಅವರ ಪುಸ್ತಕ ಭಾರತದಲ್ಲಿ ಈ ವಿಷಯಕ್ಕೆ ಕೈಪಿಡಿಯಾಯಿತು. ಈ ದೇಶದಲ್ಲಿ ನೃತ್ಯ ಚಲನ ಚಿಕಿತ್ಸೆಯ ಮೊದಲಿಗರಲ್ಲಿ ಅವರೂ ಒಬ್ಬರು. ಮೊದಲು ವರ್ಷಗಟ್ಟಲೆ ಒಂದು ಕಲೆ, ಆಮೇಲೆ ಚಿಕಿತ್ಸೆಯ ಪ್ರತ್ಯೇಕ ಓದು, ಆಮೇಲೆ ನಮ್ಮ ಜನರ ನಡುವೆ ದೀರ್ಘಕಾಲದ ದುಡಿಮೆ. ಅವರ ಬದುಕು ಸಾಗಿದ ಈ ಕ್ರಮವೇ ವೃತ್ತಿಗೆ ಬರುವವರಿಗೆ ಒಳ್ಳೆಯ ಮೇಲ್ಪಂಕ್ತಿ.

ಹಾಗಾದರೆ ಚಿಕಿತ್ಸಕರ ಹಿನ್ನೆಲೆಯಲ್ಲಿ ನಾವು ಏನನ್ನು ನೋಡಬೇಕು? ಒಂದು ಕಲೆಯ ಒಳಗನ್ನು ಅವರು ಬಲ್ಲವರಾಗಿರಬೇಕು. ವೇದಿಕೆಗೆ ಬೇಕಾದ ಪ್ರಾವೀಣ್ಯವನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಮಣ್ಣು ಯಾವಾಗ ಸಹಕರಿಸುತ್ತದೆ, ಯಾವಾಗ ರೇಗಿಸುತ್ತದೆ ಎಂದು ಅವರ ಕೈಗೆ ಗೊತ್ತಿದ್ದರೆ ಸಾಕು. ಎರಡನೆಯದು ಮನಶ್ಶಾಸ್ತ್ರದ ಓದು: ಖಿನ್ನತೆ, ಆತಂಕ, ಆಘಾತದ ನೆನಪು, ವ್ಯಸನ, ಮಕ್ಕಳ ಬೆಳವಣಿಗೆ, ತೀವ್ರ ಮಾನಸಿಕ ಕಾಯಿಲೆಯ ಲಕ್ಷಣ. ಮೂರನೆಯದು ಹಿರಿಯ ಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ ನಿಜವಾದ ಜನರೊಂದಿಗೆ ಮಾಡಿದ ಕೆಲಸ. ನಾಲ್ಕನೆಯದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ: ಚಿಕಿತ್ಸಕರು ತಾವೂ ಎದುರು ಕುರ್ಚಿಯಲ್ಲಿ ಕೂತು ಚಿಕಿತ್ಸೆ ಪಡೆದಿರಬೇಕು. ತಮ್ಮ ದುಃಖವನ್ನು ಗುರುತಿಸದವರು ಎದುರಿನವರ ಚಿತ್ರದಲ್ಲಿ ತಮ್ಮದನ್ನೇ ಓದುವ ಅಪಾಯವಿದೆ. ನೀರು ಕಾಯಿಸಬಲ್ಲವರೆಲ್ಲ ರೇಷ್ಮೆ ಗೂಡಿನಿಂದ ನೂಲು ತೆಗೆಯಲಾರರು. ಬಣ್ಣದ ಡಬ್ಬಿ ಇದ್ದವರೆಲ್ಲ ಚಿಕಿತ್ಸಕರಾಗಲಾರರು.

ಬ್ರಿಟನ್ನಿನಲ್ಲಿ ‘ಆರ್ಟ್ ಥೆರಪಿಸ್ಟ್’ ಎಂಬ ಹೆಸರಿಗೇ ಕಾನೂನಿನ ರಕ್ಷಣೆ ಇದೆ. ನೋಂದಣಿ ಇಲ್ಲದವರು ಆ ಫಲಕ ಹಾಕುವಂತಿಲ್ಲ. ನಮ್ಮಲ್ಲಿ ಆ ಬಿಗಿ ಇನ್ನೂ ಬಂದಿಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆ. 2021ರ ರಾಷ್ಟ್ರೀಯ ಸಂಯೋಜಿತ ಹಾಗೂ ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಕಲೆ, ನೃತ್ಯ ಮತ್ತು ಚಲನ ಚಿಕಿತ್ಸಕರ ಹೆಸರು ಸೇರಿರುವುದು ಒಳ್ಳೆಯ ಸೂಚನೆ. ಆದರೆ ಇಂದಿಗೂ ವಾರಾಂತ್ಯದ ಕಾರ್ಯಾಗಾರ ಮುಗಿಸಿದವರೂ ಎರಡು ವರ್ಷ ಓದಿದವರೂ ಒಂದೇ ಹೆಸರಿನ ಬೋರ್ಡು ಹಾಕಿಕೊಳ್ಳಬಹುದು. ರೆಸಾರ್ಟಿನಲ್ಲಿ ಒಂದು ಬೆಳಿಗ್ಗೆ ಕ್ಯಾನ್ವಾಸ್ ಮೇಲೆ ಬಣ್ಣ ಚೆಲ್ಲಿ ಹಗುರಾಗಿ ಮನೆಗೆ ಬರುವುದು ಒಳ್ಳೆಯದೇ. ಅದು ಮನರಂಜನೆ. ಗಂಡನನ್ನು ಕಳೆದುಕೊಂಡು ಆರು ತಿಂಗಳಿಂದ ಊಟ ಸೇರದ ಹೆಂಗಸನ್ನು ಅಲ್ಲಿಗೆ ಕಳಿಸುವಂತಿಲ್ಲ.

ಈಗ ಒಬ್ಬರಿಗೊಬ್ಬರು ಕೂತು ನಡೆಸುವ ಚಿಕಿತ್ಸೆಯ ಕ್ರಮಕ್ಕೆ ಬರೋಣ. ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ದುಡಿಯುವ ನಡುವಯಸ್ಸಿನ ಹೆಂಗಸು. ದಿನವಿಡೀ ಬಿಸಿನೀರಿನ ತೊಟ್ಟಿಯಲ್ಲಿ ಕೈ. ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ, ಹಲವು ಎಳೆ ಕೂಡಿಸಿ ರಾಟೆಗೆ ಹಚ್ಚುವ ಕೆಲಸ. ತಲೆನೋವು, ಮೈಕೈ ನೋವು, ನಿದ್ದೆಯಿಲ್ಲ. ಎಲ್ಲ ಪರೀಕ್ಷೆಯೂ ‘ನಾರ್ಮಲ್’ ಬಂದ ಮೇಲೆ ವೈದ್ಯರು ಕಲಾ ಚಿಕಿತ್ಸಕಿಯ ಬಳಿ ಕಳಿಸುತ್ತಾರೆ.

ಮೊದಲ ಭೇಟಿಯಲ್ಲಿ ಬಣ್ಣದ ಮಾತಿಲ್ಲ. ಊಟ, ನಿದ್ದೆ, ನುಂಗುತ್ತಿರುವ ಮಾತ್ರೆ, ಮನೆಯಲ್ಲಿ ಯಾರಿದ್ದಾರೆ, ಹೊಡೆತ ಬಡಿತ ಇದೆಯೇ, ಸಾಯಬೇಕು ಎನಿಸಿದ್ದುಂಟೇ ಎಂದು ಚಿಕಿತ್ಸಕಿ ನೇರವಾಗಿ, ಮೆತ್ತಗೆ ಕೇಳುತ್ತಾರೆ. ಇಲ್ಲಿ ಆಡಿದ್ದು, ಮಾಡಿದ್ದು ಹೊರಗೆ ಹೋಗುವುದಿಲ್ಲ, ಜೀವಕ್ಕೆ ಅಪಾಯ ಕಂಡರೆ ಮಾತ್ರ ಬೇರೆಯವರ ನೆರವು ಪಡೆಯಬೇಕಾಗುತ್ತದೆ ಎಂದು ಮೊದಲೇ ತಿಳಿಸುತ್ತಾರೆ. ಆಮೇಲೆ, ‘ಕೆಲವು ವಾರ ಆದಮೇಲೆ ಏನು ಬದಲಾಗಿದ್ದರೆ ನಿಮಗೆ ಸಮಾಧಾನ?’ ಎನ್ನುತ್ತಾರೆ. ‘ಒಂದು ರಾತ್ರಿ ಪೂರ್ತಿ ನಿದ್ದೆ’ ಎನ್ನುತ್ತಾಳೆ ಆಕೆ. ಗುರಿ ಗೊತ್ತಾಯಿತು. ಅದು ಆಕೆಯದೇ ಗುರಿ, ಆಕೆಯದೇ ಮಾತಿನಲ್ಲಿ.

ಮುಂದಿನ ಭೇಟಿಯಲ್ಲಿ ಮೇಜಿನ ಮೇಲೆ ಬಣ್ಣದ ಕಡ್ಡಿ, ಮಣ್ಣು, ಬಟ್ಟೆಚೂರು, ನೂಲಿನುಂಡೆ, ದೊಡ್ಡ ಹಾಳೆ. ಈ ಆಯ್ಕೆಯ ಹಿಂದೆ ಶಾಸ್ತ್ರವಿದೆ. 1978ರಲ್ಲಿ ಸಾಂಡ್ರಾ ಕೇಗಿನ್ ಮತ್ತು ವಿಯಾ ಲೂಸೆಬ್ರಿಂಕ್ ಎಂಬ ಇಬ್ಬರು ಚಿಕಿತ್ಸಕಿಯರು ಸಾಮಗ್ರಿಗಳ ಗುಣವನ್ನು ಕ್ರಮವಾಗಿ ವಿವರಿಸಿದರು. ನೀರುಬಣ್ಣದಂಥ ಹರಿಯುವ ಸಾಮಗ್ರಿ ಭಾವನೆಯನ್ನು ಬೇಗ ಕಲಕುತ್ತದೆ. ಪೆನ್ಸಿಲ್, ಮರ, ಕಲ್ಲಿನಂಥ ಗಟ್ಟಿ ಸಾಮಗ್ರಿ ಹಿಡಿತ ಕೊಡುತ್ತದೆ, ಯೋಚನೆಗೆ ಎಳೆಯುತ್ತದೆ. ಮೊದಲೇ ತತ್ತರಿಸಿದವರಿಗೆ ಹರಿಯುವ ಬಣ್ಣ ಕೊಟ್ಟರೆ ಅವರು ಇನ್ನಷ್ಟು ಚೆದುರಬಹುದು. ಎಲ್ಲವನ್ನೂ ಬಿಗಿಹಿಡಿದು ಕೂತವರಿಗೆ ಸ್ಕೇಲು, ಪೆನ್ಸಿಲ್ ಕೊಟ್ಟರೆ ಆ ಬಿಗಿ ಇನ್ನೂ ಹೆಚ್ಚಬಹುದು.

ನಮ್ಮ ಹೆಂಗಸು ನೂಲಿನುಂಡೆಯನ್ನು ದೂರ ತಳ್ಳುತ್ತಾಳೆ. ಚಿಕಿತ್ಸಕಿ ಅದನ್ನು ಕಂಡೂ ಪ್ರಶ್ನಿಸುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಎರಡು ವಾರ ಆಕೆ ಏನನ್ನೂ ಮುಟ್ಟುವುದಿಲ್ಲ, ಮಾತೂ ನಾಲ್ಕಕ್ಷರ. ಆಮೇಲೊಂದು ದಿನ ನೀಲಿ ಬಟ್ಟೆಚೂರೊಂದನ್ನು ಮಡಿಸಿ, ಮತ್ತೆ ಮಡಿಸಿ, ಹಾಳೆಯ ಮೂಲೆಗೆ ಒತ್ತರಿಸಿ ಇಡುತ್ತಾಳೆ. ‘ಇದೇನು?’ ಎಂದು ಕೇಳಿದರೆ ಪರೀಕ್ಷೆಯ ಪ್ರಶ್ನೆಯಾಗುತ್ತದೆ. ಚಿಕಿತ್ಸಕಿ ಕೇಳುವುದು, ‘ಇದಕ್ಕೆ ಅಷ್ಟು ಜಾಗ ಸಾಕಾ?’ ಎಂದು. ಆಗ ಉತ್ತರ ಬರುತ್ತದೆ: ‘ಅಡುಗೆಮನೆ ಮೂಲೆ ಇದು ಮೇಡಂ. ನಾನು ಮಲಗೋದು ಅಲ್ಲೇ. ರಾತ್ರಿ ಯಾರು ನೀರಿಗೆ ಬಂದರೂ ನನ್ನ ದಾಟ್ಕೊಂಡೇ ಹೋಗಬೇಕು.’

ತಿಂಗಳಿಂದ ಮಾತ್ರೆ ಹುಡುಕುತ್ತಿದ್ದ ನಿದ್ರಾಹೀನತೆಗೆ ಒಂದು ಜಾಗ ಸಿಕ್ಕಿತು. ಯಾವಾಗಿಂದ ಅಲ್ಲಿ ಮಲಗುತ್ತಿದ್ದೀರಿ, ಅದಕ್ಕೆ ಮುಂಚೆ ಎಲ್ಲಿದ್ದಿರಿ, ಯಾರು ಬಂದಮೇಲೆ ಬದಲಾಯಿತು ಎಂದು ಮಾತು ತಾನಾಗಿ ಬೆಳೆಯುತ್ತದೆ. ಬಟ್ಟೆಚೂರು ಹಾಳೆಯ ಮೇಲೆ ಬೇರೆ ಬೇರೆ ಕಡೆ ಸರಿಯುತ್ತದೆ. ಮನೆಯಲ್ಲಿ ಏನು ಕೇಳಬಹುದು, ಯಾರನ್ನು ಕೇಳಬಹುದು ಎಂಬುದನ್ನು ಖಾಲಿ ಕುರ್ಚಿಯ ಎದುರು ಆಡಿ ನೋಡುವ ಅಭ್ಯಾಸವೂ ಮುಂದಿನ ವಾರಗಳಲ್ಲಿ ನಡೆಯಬಹುದು. ಅದು ನಾಟಕ ಚಿಕಿತ್ಸೆಯಿಂದ ಬಂದ ಉಪಾಯ. ಹೇಳಲಾಗದ್ದನ್ನು ಮೊದಲು ಇಟ್ಟು ನೋಡುವುದು, ಇಟ್ಟದ್ದನ್ನು ಸರಿಸಿ ನೋಡುವುದು, ಸರಿಸಿದ್ದನ್ನು ಮಾತಾಗಿಸಿ ಮನೆಗೆ ಒಯ್ಯುವುದು. ಪ್ರತಿ ಭೇಟಿಯ ಕೊನೆಯ ಕೆಲವು ನಿಮಿಷ ಕಲಕಿದ ಮನಸ್ಸನ್ನು ತಹಬಂದಿಗೆ ತರಲು ಮೀಸಲು. ಬಸ್ಸು ಹತ್ತಿ ಮನೆಗೆ ಹೋಗಬೇಕಾದವರನ್ನು ಕಣ್ಣೀರಿನ ನಡುವೆ ಎಬ್ಬಿಸಿ ಕಳಿಸುವಂತಿಲ್ಲ.

ಇಲ್ಲಿ ನೆನಪಿಡಬೇಕಾದ ಸಂಗತಿಗಳು ಎರಡಿವೆ. ಕಪ್ಪು ಬಳಿದರೆ ಖಿನ್ನತೆ, ಬೇರಿಲ್ಲದ ಮರ ಬರೆದರೆ ಅಭದ್ರತೆ ಎಂಬ ಗಿಳಿಶಾಸ್ತ್ರ ಈ ವೃತ್ತಿಯಲ್ಲಿಲ್ಲ. ಚಿತ್ರದ ಅರ್ಥ ಹೇಳುವ ಹಕ್ಕು ಬರೆದವರದು. ಹಾಗೆಯೇ ಆ ಚಿತ್ರವೂ ಅವರದೇ ಸೊತ್ತು. ಅದನ್ನು ಗೋಡೆಗೆ ಹಾಕುವುದು, ಫೋಟೊ ತೆಗೆದು ಹಂಚುವುದು, ಪ್ರದರ್ಶನಕ್ಕೆ ಇಡುವುದು ಯಾವುದಕ್ಕೂ ಅವರ ಒಪ್ಪಿಗೆ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ಹಕ್ಕೆಂದೇ ಗುರುತಿಸಿದೆ. ಸಣ್ಣ ಊರಿನಲ್ಲಿ ಈ ಗೋಪ್ಯತೆಯ ಬೆಲೆ ದೊಡ್ಡದು. ಚಿಕಿತ್ಸಕರ ಬಾಗಿಲಲ್ಲಿ ಯಾರ ಚಪ್ಪಲಿ ಇದೆ ಎಂಬುದೂ ಸಂತೆಯಲ್ಲಿ ಸುದ್ದಿಯಾಗುತ್ತದೆ.

ಈ ನೆಲದ ಕಲೆಗಳನ್ನು ಚಿಕಿತ್ಸೆಯಲ್ಲಿ ಬಳಸಬಾರದೇ ಎಂಬ ಪ್ರಶ್ನೆ ಸಹಜ. ಬಳಸಬಹುದು, ಬಳಸಬೇಕು, ಆದರೆ ತಿಳಿದು. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಲ್ಲಿ ಗೊಂಬೆಗಳು, ವಾದ್ಯಗಳು, ಬೀಸುವ ಕುಟ್ಟುವ ಕಲ್ಲುಗಳು, ವೇಷ ಮುಖವಾಡಗಳು ಒಂದೇ ಕಡೆ ಸಿಗುತ್ತವೆ. ರಾಗಿ ಬೀಸುತ್ತ ಹೆಂಗಸರು ತವರಿನ ನೋವನ್ನೂ ಅತ್ತೆಮನೆಯ ಕಷ್ಟವನ್ನೂ ಹಾಡಿಕೊಂಡ ಪರಂಪರೆ ನಮ್ಮದು. ಬೀಸುವ ಲಯವೇ ಉಸಿರನ್ನು ಹದಕ್ಕೆ ತರುತ್ತಿತ್ತು, ಹಾಡಿನ ಮರೆ ಸಿಕ್ಕಿದ್ದರಿಂದ ನೇರವಾಗಿ ಆಡಲಾಗದ ಮಾತನ್ನೂ ಆಡಬಹುದಿತ್ತು. ಅಜ್ಜಿಯೊಬ್ಬರಿಗೆ ಚಿಕಿತ್ಸಕಿ ಆ ಲಯವನ್ನು ನೆನಪಿಸಿದರೆ ಇಂಗ್ಲಿಷ್ ಪುಸ್ತಕದ ನೂರು ಅಭ್ಯಾಸಕ್ಕಿಂತ ಅದೇ ಹೆಚ್ಚು ಕೆಲಸ ಮಾಡೀತು. ಆದರೆ ಈ ಭಾಗದ ಸೋಮನ ಕುಣಿತದ ಮುಖವಾಡ ಊರದೇವತೆಯ ಆರಾಧನೆಗೆ ಸೇರಿದ್ದು, ಅದಕ್ಕೆ ಪೂಜೆಯಿದೆ, ಹೊರುವವರ ಕಟ್ಟುಪಾಡಿದೆ. ಮುಖವಾಡ ಚಿಕಿತ್ಸೆ ಚೆನ್ನಾಗಿರುತ್ತದೆಂದು ಅದನ್ನೇ ತಂದು ಯಾರ ಮುಖಕ್ಕೋ ಕಟ್ಟುವುದು ಅವಿವೇಕ. ಭಕ್ತರಿಗೆ ಅದು ನೋವು, ರೋಗಿಗೆ ಭಯ. ಪೂಜಾಕುಣಿತ, ಕರಗದಂಥವು ಇಡೀ ಊರನ್ನು ಒಂದಾಗಿಸುವ ಆಚರಣೆಗಳು. ಒಬ್ಬರ ಗುಟ್ಟಿನ ನೋವಿಗೆ ಬೇಕಾದ ಮರೆ ಅಲ್ಲಿ ಸಿಗುವುದಿಲ್ಲ. ಎರಡಕ್ಕೂ ಅವುಗಳದೇ ಜಾಗವಿದೆ.

ಮಾಗಡಿಯ ರೈತನಿಗೆ ಮಣ್ಣು ಹಿತವೋ, ಮಳೆ ಕೈಕೊಟ್ಟ ವರ್ಷದ ನೆನಪೋ? ಕನಕಪುರದ ಕಡೆಯ ಕಲ್ಲುಗಣಿಯಲ್ಲಿ ದುಡಿದವರಿಗೆ ಸುತ್ತಿಗೆಯ ಸದ್ದು ಲಯವೋ, ಗಾಯವೋ? ಇದನ್ನು ಅವರನ್ನೇ ಕೇಳಿ ತಿಳಿಯಬೇಕು. ಆದ್ದರಿಂದ ಇಲ್ಲಿ ಕೆಲಸ ಮಾಡುವ ಚಿಕಿತ್ಸಕರ ಮೊದಲ ಪ್ರಶ್ನೆಗಳಲ್ಲಿ ಒಂದು, ‘ನಿಮ್ಮ ಕೈ ಇದುವರೆಗೆ ಏನೇನು ಕೆಲಸ ಮಾಡಿದೆ?’ ಎಂಬುದಾಗಿರಬೇಕು.

ಕಲಾ ಚಿಕಿತ್ಸೆಗೆ ಮಿತಿಯೂ ಇದೆ, ಅದನ್ನು ಒಪ್ಪುವವರೇ ನಂಬಿಕಸ್ಥ ಚಿಕಿತ್ಸಕರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಕಲೆಗಳು ಆರೋಗ್ಯಕ್ಕೆ ಹಲವು ಬಗೆಯಲ್ಲಿ ನೆರವಾಗುತ್ತವೆ ಎಂದಿತು. ನೆರವು ಎಂಬ ಮಾತನ್ನು ನೆರವೆಂದೇ ತಿಳಿಯಬೇಕು. ಯಾರೂ ಆಡದ ಮಾತು ಕಿವಿಗೆ ಬೀಳುತ್ತಿದ್ದರೆ, ವಾರಗಟ್ಟಲೆ ನಿದ್ದೆಯಿಲ್ಲದೆ ಅತಿಯಾಗಿ ಓಡಾಡುತ್ತಿದ್ದರೆ, ಸಾಯುವ ಯೋಚನೆ ಕಾಡುತ್ತಿದ್ದರೆ ಮೊದಲು ಮನೋವೈದ್ಯರು. ಔಷಧ ನಿಲ್ಲಿಸಿ ಬಣ್ಣ ಬಳಿಯಿರಿ ಎನ್ನುವವರ ಬಾಗಿಲಿಂದ ತಕ್ಷಣ ಹೊರಗೆ ಬನ್ನಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದೆ ಎಂದು ಕಂಡಿತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹೊಸ್ತಿಲನ್ನೇ ತುಳಿದಿರಲಿಲ್ಲ. ಈ ಹೊಸ್ತಿಲನ್ನು ತಗ್ಗಿಸಲು ದುಡಿದವರಲ್ಲಿ ದೊಡ್ಡ ಹೆಸರು ಚನ್ನಪಟ್ಟಣದಲ್ಲೇ ಹುಟ್ಟಿದ ಡಾ. ಸಿ.ಆರ್. ಚಂದ್ರಶೇಖರ್ ಅವರದು. ನಿಮ್ಹಾನ್ಸ್‌ನಲ್ಲಿದ್ದ ಈ ಮನೋವೈದ್ಯರು ಪುಸ್ತಕ, ಅಂಕಣ, ಉಪನ್ಯಾಸಗಳ ಮೂಲಕ ಮನಸ್ಸಿನ ಕಾಯಿಲೆಯನ್ನು ಮನೆಮಾತಿನ ಕನ್ನಡದಲ್ಲಿ ವಿವರಿಸಿದರು, ಉಚಿತ ಆಪ್ತಸಲಹೆಗೆ ಬಾಗಿಲು ತೆರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆಡುವ ಮಾತಿಗೆ ಅವರು ಮಾಡಿಕೊಟ್ಟ ದಾರಿಯಲ್ಲಿ, ಮಾತು ಸಿಗದವರಿಗಾಗಿ ಮಾಡಬೇಕಾದ ಕೆಲಸ ಇನ್ನೂ ಉಳಿದಿದೆ.

ಅದಕ್ಕೆ ಏನು ಬೇಕು? ಇಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕಿನವರು ವಾರಕ್ಕೊಮ್ಮೆ ಒಂದು ಗಂಟೆಯ ಚಿಕಿತ್ಸೆಗಾಗಿ ಬೆಂಗಳೂರಿಗೆ ಹೋಗಬೇಕೆಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಮನೆಯವರಿಗೆ ಹೇಳಬೇಕಾದ ನೆಪ ಮೂರನ್ನೂ ಹೊಂದಿಸಬೇಕು. ಮೂರನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ಒಂದು ಮೇಜು, ತರಬೇತಿ ಪಡೆದ ಒಬ್ಬ ಚಿಕಿತ್ಸಕರು ಸಿಕ್ಕರೆ ಆರಂಭಕ್ಕೆ ಸಾಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಅಲ್ಲಿಗೆ ಕಳಿಸುವಂತಿರಬೇಕು, ಅಗತ್ಯ ಬಿದ್ದರೆ ಚಿಕಿತ್ಸಕರು ಅದೇ ವೈದ್ಯರಿಗೆ ಹಿಂದಿರುಗಿಸುವಂತಿರಬೇಕು. ತರಬೇತಿ ಕೋರ್ಸುಗಳು ಕನ್ನಡದಲ್ಲಿ ಬರಬೇಕು. ಇಂಗ್ಲಿಷಿನಲ್ಲಿ ಮಾತ್ರ ಕಲಿತವರು ‘ಹೊಟ್ಟೆ ಉರಿ’, ‘ಎದೆ ಭಾರ’ ಎಂಬ ಮಾತಿನೊಳಗೆ ಎಷ್ಟು ಬಗೆಯ ನೋವಿದೆ ಎಂದು ಹಿಡಿಯುವುದು ಕಷ್ಟ.

ಅಲ್ಲಿಯವರೆಗೆ, ನಿಮ್ಮ ಮನೆಯವರಿಗಾಗಿ ಇಂಥ ಚಿಕಿತ್ಸಕರನ್ನು ಹುಡುಕುತ್ತಿದ್ದರೆ ಸಂಕೋಚ ಬಿಟ್ಟು ಕೇಳಿ: ಎಲ್ಲಿ ಓದಿದಿರಿ, ಎಷ್ಟು ಕಾಲ? ನಿಮ್ಮ ಕೆಲಸವನ್ನು ಈಗ ಯಾರು ಮೇಲ್ವಿಚಾರಣೆ ಮಾಡುತ್ತಾರೆ? ಯಾವ ಸಂದರ್ಭದಲ್ಲಿ ಮನೋವೈದ್ಯರ ಬಳಿ ಕಳಿಸುತ್ತೀರಿ? ಇಲ್ಲಿ ಬರೆದ ಚಿತ್ರ ಯಾರ ಹತ್ತಿರ ಇರುತ್ತದೆ? ಚೆನ್ನಾಗಿ ಕಲಿತವರಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ, ಖುಷಿಯಾಗುತ್ತದೆ. ನೂಲಿನ ಗುಣಮಟ್ಟವನ್ನೂ ಗೊಂಬೆಯ ಹೊಳಪನ್ನೂ ಬೆರಳಲ್ಲೇ ಪರೀಕ್ಷಿಸಿ ಕೊಳ್ಳುವ ಊರಿನವರು ನಾವು. ಮನಸ್ಸನ್ನು ಒಪ್ಪಿಸುವಾಗಲೂ ಅಷ್ಟೇ ಪರೀಕ್ಷಿಸುವುದು ನಮ್ಮ ಹಕ್ಕು. ಆ ಪರೀಕ್ಷೆಯಲ್ಲಿ ಗೆಲ್ಲುವಂಥ ಚಿಕಿತ್ಸಕರನ್ನು ನಮ್ಮ ತಾಲ್ಲೂಕಿನಲ್ಲೇ ಒದಗಿಸಿಕೊಡುವುದು ಸರ್ಕಾರದ ಹೊಣೆ.